ಹದಿನಾರನೆಯ ಪ್ರಶ್ನೆ

ಎಲ್ಲಕ್ಕೂ ಕಾರಣ, ಹದಿನಾರನೆಯ ಪ್ರಶ್ನೆಗೆ ಕರಡುರಾಯರು ನಿಜ ಹೇಳಿದ್ದು.

ಇಲಾಖೆಯ ಎಲ್ಲ ಕಡತಗಳ ಕರಡನ್ನೂ ಇಪ್ಪತ್ತು ವರ್ಷಗಳಿಂದ ಅವರೇ ಬರೆಯುತ್ತಿದ್ದುದರಿಂದ ಆ ಹೆಸರು ಅವರಿಗೆ ಅಂಟಿಕೊಂಡಿತ್ತು. ಈಗಿನದು ಭಾರೀ ಕರಡು: ದೇಶದ ಯಾವ ಮೂಲೆಯಲ್ಲಿ ಯಾರ ಮನಸ್ಸು ಕುಗ್ಗಿದರೂ ಮೊಬೈಲಿನಲ್ಲೇ ನೆರವು ದೊರಕಿಸುವ ರಾಷ್ಟ್ರೀಯ ಯೋಜನೆ. ಸಂಜೆ ಐದರೊಳಗೆ ಅದು ನಿರ್ದೇಶಕಿಯವರ ಮೇಜು ಸೇರಿದರೆ ರಾಯರಿಗೆ ನಾಲ್ಕು ದಿನ ರಜೆ. ಆರರ ರೈಲಿಗೆ ಹೆಂಡತಿ, ಮಗಳೊಡನೆ ಕಡಲತೀರ. ಆರು ವರ್ಷಗಳಲ್ಲಿ ಮೊದಲ ಪ್ರವಾಸ. ಮಗಳು ನಿನ್ನೆಯಿಂದಲೇ ಟೋಪಿ ಹಾಕಿಕೊಂಡು ಮನೆಯೊಳಗೆ ಓಡಾಡುತ್ತಿದ್ದಳು.

ಉಳಿದಿದ್ದುದು ಕೊನೆಯ ಪುಟ ಮತ್ತು ಯೋಜನೆಯ ಆ್ಯಪಿನ ಪರೀಕ್ಷೆ. ಬೇರೆ ಯಾರೂ ಒಪ್ಪದ ಕಾರಣ ಅದರ ಪ್ರಶ್ನೆಗಳಿಗೆ ರಾಯರೇ ಉತ್ತರಿಸಲು ಕುಳಿತರು. ‘ನಿದ್ರೆ ಬರುತ್ತದೆಯೇ?’ ಈ ಯೋಜನೆ ಬಂದ ಮೇಲೆ ಇಲ್ಲ. ಹದಿನಾರನೆಯದು: ‘ನಿಮ್ಮ ಮಾತಿಗೆ ಕಿವಿಗೊಡುವವರು ಯಾರಾದರೂ ಇದ್ದಾರೆಯೇ?’ ರಾಯರು ಬಹಳ ಹೊತ್ತು ಯೋಚಿಸಿ, ‘ಇಲ್ಲ’ ಎಂಬುದನ್ನು ಒತ್ತಿದರು.

ತೆರೆ ಕೆಂಪಾಯಿತು. ‘ತಜ್ಞರು ಶೀಘ್ರವೇ ಸಿಗುವರು. ಅಲ್ಲಿಯವರೆಗೆ ಇವರನ್ನು ಒಂಟಿಯಾಗಿ ಬಿಡಬೇಡಿ’ ಎಂಬ ಸಂದೇಶ ಅವರ ಆಪ್ತರಿಗೆ ಹೋಯಿತು. ಆಪ್ತರ ಜಾಗದಲ್ಲಿ ರಾಯರು, ಪರೀಕ್ಷೆ ತಾನೇ ಎಂದು, ಇಡೀ ಕಚೇರಿಯವರ ಹೆಸರು ತುಂಬಿದ್ದರು.

ಬೆಲ್ಲ ಕಂಡ ಇರುವೆಗಳಂತೆ ಜನ ಮುತ್ತಿದರು.

“ಅಣ್ಣಾ, ಏನಿದ್ರೂ ಹೇಳ್ಬಿಡಿ,” ಎಂದು ಟೈಪಿಸ್ಟ್ ಕುರ್ಚಿ ಎಳೆದುಕೊಂಡಳು.

“ಏನಿಲ್ಲ ತಾಯಿ, ಇದು ಬರೀ ಪರೀಕ್ಷೆ...”

“ನಾನೂ ಹಾಗೇ ಅಂತೀನಿ! ನಮ್ಮತ್ತೆ ಮಾತು ಬಿಟ್ಟು ಎಂಟು ತಿಂಗಳಾಯ್ತು. ಗೋಡೆಗೆ ಹೇಳ್ತಾರೆ, ಗೋಡೆ ನನಗೆ ಹೇಳ್ಬೇಕು!” ಎಂದವಳು ಗಳಗಳನೆ ಅತ್ತಳು.

ರಾಯರು ಲೇಖನಿ ಕೆಳಗಿಟ್ಟು, “ಆಮೇಲೆ?” ಎಂದರು. ಅಲ್ಲಿಗೆ ಅವರ ಮಧ್ಯಾಹ್ನ ಮುಗಿಯಿತು.

ಬಳಿಕ ಉಗ್ರಾಣದ ಗುಮಾಸ್ತ ಬಂದ. “ಈ ಕಡತಾನೇ ಸಾರ್ ನಿಮ್ಮ ರೋಗ!” ಎಂದು ಕರಡನ್ನು ಬೀರುವಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ, ಮೂರು ಸಲ ತಪ್ಪಿದ ತನ್ನ ಬಡ್ತಿಯ ಕತೆಯನ್ನು ಮೊದಲಿನಿಂದ ಆರಂಭಿಸಿದ.

ಐದಕ್ಕೆ ಸರಿಯಾಗಿ ನಿರ್ದೇಶಕಿ ಬಂದು, ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದರು.

“ನಿಜ ಹೇಳಿ ರಾಯರೇ, ನಿಮಗೂ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಾ?”

“ಆಗುತ್ತೆ ಮೇಡಂ.”

“ನನಗೆ ಎರಡಕ್ಕೇ,” ಎಂದು ಅವರು ಕುಸಿದು ಕುಳಿತರು.

ಮುಕ್ಕಾಲು ಗಂಟೆಯ ನಂತರ ಎದ್ದಾಗ ಅವರ ಮುಖ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. “ಎಷ್ಟು ಹಗುರ ಆಯ್ತು ರೀ! ಆ್ಯಪಲ್ಲಿ ತಜ್ಞರ ಪಟ್ಟಿ ಖಾಲಿ ಅಂತ ಮೇಲಿನವರು ಬೈತಿದ್ರು. ನಿಮ್ಮನ್ನ ಹಾಕ್ತೀನಿ, ಬೇರೆಯವರು ಸಿಗೋವರೆಗೆ.”

“ನನಗೆ ತರಬೇತಿ ಇಲ್ವಲ್ಲ ಮೇಡಂ!”

“ಅದೂ ಆ್ಯಪಲ್ಲೇ ಬರುತ್ತೆ.”

“ನನ್ನ ರಜೆ?”

“ದೇಶವೇ ಕಾಯ್ತಿದೆ. ಕಡಲು ಎಲ್ಲಿಗೆ ಹೋಗುತ್ತೆ ರಾಯರೇ?”

ಆರಕ್ಕೆ ಹೆಂಡತಿಯ ಕರೆ ಬಂತು. “ನಾವು ಹತ್ತಿದ್ವಿ ರೀ. ಮಗು ಅಳ್ತಿತ್ತು, ಇಳಿಯೋಕೆ ಮನಸ್ಸು ಬರಲಿಲ್ಲ.” ಹಿಂದೆಯೇ ಮಗಳ ದನಿ: “ಅಪ್ಪಾ, ನಿನ್ನ ಟೋಪೀನೂ ತಂದಿದ್ದೀನಿ!”

ಬರಿದಾದ ಕಚೇರಿಯಲ್ಲಿ ರಾಯರು ತಲೆಗೆ ಕೈಹೊತ್ತು ಕುಳಿತರು. ಆಗ ಮೊಬೈಲು ಮಿನುಗಿತು: ‘ನಿಮ್ಮ ಮಧ್ಯಾಹ್ನದ ಕೋರಿಕೆಗೆ ತಜ್ಞರು ದೊರೆತಿದ್ದಾರೆ.’ ಅವರ ಕಣ್ಣು ತುಂಬಿತು. ಯಂತ್ರವಾದರೂ ಮರೆಯಲಿಲ್ಲವಲ್ಲ! ಕೂಡಲೇ ಒತ್ತಿದರು.

ತಜ್ಞರ ಭಾವಚಿತ್ರ ನಿಧಾನವಾಗಿ ಮೂಡಿತು. ಗುರುತುಚೀಟಿಗೆಂದು ತೆಗೆಸಿದ್ದ ರಾಯರದೇ ಮುಖ. ಕೆಳಗೊಂದು ಸಾಲು:

‘ಇವರು ಈಗ ಬೇರೊಬ್ಬರೊಡನೆ ಮಾತಿನಲ್ಲಿದ್ದಾರೆ. ದಯವಿಟ್ಟು ಕಾಯಿರಿ.’

ರಾಯರು ಕಾದರು.