ಕಡೀ ಪುಟ ಯಾರಿಗೂ ಹೇಳಬ್ಯಾಡ್ರಿ

ವಕೀಲ ಆದಂವ ವಕೀಲಕಿ ಮಾಡ್ಕೊಂಡು ಸುಮ್ನಿದ್ರ ಇಂಥಾವು ಆಗೂದಿಲ್ಲ. ನಾನು ಇರಲಾರದ ಇರುವಿ ಬಿಟ್ಕೊಂಡಂಗ ಒಂದು ಕಾದಂಬರಿ ಬರದೆ. ಅಂದಿನಿಂದ ವಾರಕ್ಕ ಒಂದರೆ ಆಗಾಕತ್ತಾವ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಈ ಮೂರೂರಿನ ನಡುವ ಇಪ್ಪತ್ತೆರಡು ವರ್ಷ ತಿರುಗಾಡಿ ನನ್ನ ಕರೀ ಕೋಟು ಬೂದಿ ಬಣ್ಣಕ್ಕ ಬಂದೈತಿ. ಈಗ ಹೇಳೂದು ಯಾವ ಊರಿನ ಕೋರ್ಟಿನಾಗ ಆತು ಅಂತ ಮಾತ್ರ ಕೇಳಬ್ಯಾಡ್ರಿ. ಒಮ್ಮೆ ಬರದು ಬುದ್ಧಿ ಬಂದೈತಿ.

ಕಾದಂಬರಿ ಇಷ್ಟ: ಒಬ್ಬ ಸಾವ್ಕಾರನ ಕೊಲಿ ಆಗತೈತಿ. ಪೊಲೀಸ್ರು ಯಾರೋ ಬಡಪಾಯಿನ್ನ ಹಿಡಕೊಂಡು ಬರತಾರ. ಇನ್ನೂರಾ ಎಂಬತ್ತು ಪುಟ ಕೋರ್ಟಿನಾಗ ಸಾಕ್ಷಿ, ವಾದ, ಪಾಟೀಸವಾಲು. ಕಡೀ ಪುಟಕ್ಕ ಬಂದು ನೋಡಿದ್ರ, ಕೊಲಿ ಮಾಡಿದಂವ ಅದ ಕೋರ್ಟಿನ ಪ್ಯೂನ್. ದಿನಾ ಬಾಗಿಲಾಗ ನಿಂತು ಎಲ್ಲಾರ ಹೆಸರು ಕೂಗಂವ. ಅವನ ದನಿ ಎಲ್ಲಾರೂ ಕೇಳತಾರ, ಮಾರಿ ಯಾರೂ ನೋಡೂದಿಲ್ಲ. ಇದು ತಲಿಗೆ ಹೊಳದ ದಿನ ಖುಷಿಗೆ ನನಗ ಊಟ ಸೇರಲಿಲ್ಲ. ಪುಸ್ತಕದ ಹಿಂದ ದಪ್ಪ ಅಕ್ಷರದಾಗ ಹಾಕಿಸಿದೆ, "ಕಡೆಯ ಪುಟ ಯಾರಿಗೂ ಹೇಳಬೇಡಿ" ಅಂತ.

ಹಂಗ ಹಾಕಿಸಾಕ ಇನ್ನೊಂದು ಕಾರಣ ಇತ್ತು. ನಮ್ಮ ಕೋರ್ಟಿನಾಗ ಹೆಸರು ಕೂಗೂ ಪ್ಯೂನ್ ಒಬ್ರು ಅದಾರ. ನಾವೆಲ್ಲಾ ಅವ್ರಿಗೆ ಕಾಕಾ ಅಂತೇವಿ. ಪಕ್ಷಗಾರ್ರು ಬೇವಿನ ಗಿಡದ ಕೆಳಗ, ಚಾದಂಗಡ್ಯಾಗ, ಝೆರಾಕ್ಸ್ ಅಂಗಡ್ಯಾಗ ಚದರಿರತಾರ. ಕಾಕಾನ ದನಿ ಅಲ್ಲೀಮಟ ಮುಟ್ಟಿದ್ರ ಓಡಿ ಬರತಾರ. ಮುಟ್ಟಲಿಲ್ಲ ಅಂದ್ರ ಹಾಜರಿಲ್ಲ ಅಂತ ಕೇಸು ಬಿದ್ದು ಹೋಗತೈತಿ.

ಅದ್ರಾಗೂ ಐರಣಿಯಿಂದ ಬರೂ ನನ್ನ ಪಕ್ಷಗಾರ ಅಜ್ಜಿ ಒಬ್ಬಾಕಿ. ಹೊಳಿದಂಡಿ ಎರಡು ಎಕರೆ ಹೊಲಕ್ಕ ದಾಯಾದಿಗಳ ಕೂಡ ಹನ್ನೊಂದು ವರ್ಷದ ಕೇಸು. ಹಿಂದ ಸಾಕ್ಷಿ ಹೇಳೂ ಎರಡು ತಾರೀಖಿಗೆ ಬಸ್ಸು ತಪ್ಪಿಸ್ಕೊಂಡು ಬಂದಿರಲಿಲ್ಲ. "ಮುಂದಿನ ಸಲ ಕೂಗಿದಾಗ ಬರಲಿಲ್ಲಂದ್ರ ವಜಾ" ಅಂತ ಜಡ್ಜ್ ಸಾಹೇಬ್ರು ಹೇಳಿಬಿಟ್ಟಿದ್ರು. ಆ ಅಜ್ಜಿಗೆ ಕಿವಿ ಮಂದ. ನಾನು ಮಗ್ಗಲಾಗ ಕುಂತು ಒದರಿದ್ರೂ ಕೇಳೂದಿಲ್ಲ, ಕಾಕಾ ಕೂಗಿದ್ರ ಮಾತ್ರ ಕೇಳತೈತಿ. ಕಾಕಾ ಸಿಟ್ಟಾದ್ರು ಅಂದ್ರ ಅಜ್ಜಿ ಹೊಲ ಹೋತು ಅಂತ ಲೆಕ್ಕ. ಅದಕ್ಕ ಕೊಲೆಗಾರ ಯಾರು ಅನ್ನೂದು ಊರಿಗೆಲ್ಲಾ ಗೊತ್ತಾದ್ರೂ ಕಾಕಾನ ಕಿವಿಗೆ ಬೀಳಬಾರದಿತ್ತು.

ತಳದ ಮಾಲು

ಮೊದಲ ಪ್ರತಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಕೊಟ್ಟೆ. ನನ್ನ ಹಳೇ ಪಕ್ಷಗಾರ್ರು. ಹದಿನೈದು ದಿನ ಬಿಟ್ಟು ಅವರ ಅಂಗಡಿಗೆ ಹೋದೆ. ಘಾಟಿಗೆ ನಾನು ಸೀನಾಕತ್ತಿದ್ದೆ, ಅವ್ರು ಆರಾಮ ಕುಂತಿದ್ರು.

"ಪುಸ್ತಕ ಹೆಂಗನಿಸ್ತ್ರಿ ಸಾವ್ಕಾರ್ರ?" ಅಂದೆ.

"ಬಣ್ಣ ಛಲೋ ಐತ್ರಿ. ಖಾರ ಕಡಿಮಿ."

ನನ್ನ ಮಾರಿ ಸಣ್ಣದಾತು. ಅವ್ರು ನಕ್ಕು, "ಯಾಕ್ರಿ ವಕೀಲ್ರ? ಬ್ಯಾಡಗಿಯೊಳಗ ಕುಂತು ಬಣ್ಣ ಐತಿ, ಖಾರ ಕಡಿಮಿ ಅಂದ್ರ ಒಂದನೇ ನಂಬರ್ ಮಾಲು ಅಂದಂಗ. ಬರೇ ಖಾರ ಬೇಕಾದಾವ್ರು ಗುಂಟೂರಿಗೆ ಹೋಗತಾರ" ಅಂದ್ರು.

ನನಗ ಹೋದ ಜೀವ ಬಂತು. "ಹಂಗಾರ ಕಡೀ ಪುಟ ಓದಿ ಬೆಚ್ಚಿಬಿದ್ರಿಲ್ಲೋ?"

"ಬೀಳೂದೆಲ್ಲಿ ಬಂತು? ಕಡೀ ಪುಟನ ಮೊದಲ ಓದಿದೆ."

"ಅಲ್ರೀ, ಪುಸ್ತಕದ ಹಿಂದ ಅಷ್ಟು ದಪ್ಪಗ ಬರದೇನಿ..."

"ಯಾರಿಗೂ ಹೇಳಬ್ಯಾಡ್ರಿ ಅಂತ ಬರದೀರಿ. ಮೊದಲ ಓದಬ್ಯಾಡ್ರಿ ಅಂತ ಎಲ್ಲಿ ಬರದೀರಿ? ಈ ಧಂದೇಕ ಬಂದು ನಲವತ್ತು ವರ್ಷ ಆತು ವಕೀಲ್ರ. ಚೀಲದ ಬಾಯಾಗಿನ ಕಾಯಿ ನೋಡಿ ನಾವು ವ್ಯಾಪಾರ ಮಾಡೂದಿಲ್ಲ. ತಳಕ್ಕ ಕೈ ಹಾಕಿ ಒಂದು ಹಿಡಿ ತಗದು ನೋಡತೇವಿ. ತಳದಾಗ ಪ್ಯೂನ್ ಇದ್ದ. ಮಾಲು ಸರಿ ಐತಿ ಅನ್ನೂದು ಖಾತ್ರಿ ಆತು, ಆಮ್ಯಾಲ ಮುಂದಿಂದ ಓದಿದೆ."

ಬಾಂದಗಲ್ಲು

ಪುಸ್ತಕ ಓದಿ ಕೇಸು ಕೊಡಾಕ ಬಂದಂವ ಗುತ್ತಲದ ಕಡೀ ಒಬ್ಬ ರೈತ. ಬಂದಂವನs ಪುಸ್ತಕ ಕಣ್ಣಿಗೆ ಒತ್ಕೊಂಡು ನನ್ನ ಟೇಬಲ್ ಮ್ಯಾಲಿಟ್ಟ. ಇಷ್ಟು ಭಕ್ತಿಯಿಂದ ಓದಿದ ಓದುಗ ನನಗ ಇನ್ನೊಬ್ಬ ಸಿಕ್ಕಿಲ್ಲ. ಎದ್ದು ನಿಂತು ಕೈ ಹಿಡಕೊಂಡೆ.

"ಏನ್ ಹಿಡಿಸ್ತಪಾ ಇದ್ರಾಗ?" ಅಂದೆ.

"ಎಲ್ಲಾ ಹಿಡಿಸ್ತ್ರಿ. ಇನ್ನೂರಾ ಎಂಬತ್ತು ಪುಟದ ಮಟ ಒಬ್ಬ ಕೊಲೆಗಾರನ್ನ ಜಡ್ಜ್ ಮುಂದನ ನಿಂದ್ರಿಸಿ ಮುಚ್ಚಿಟ್ಟೀರಲ್ರಿ. ಪೊಲೀಸ್ರಿಗೂ ಹತ್ತಲಿಲ್ಲ, ವಕೀಲ್ರಿಗೂ ಹತ್ತಲಿಲ್ಲ."

"ಅದ ನೋಡಪಾ ಕಾದಂಬರಿ ಕಲಾ."

ಅಂವ ಕುರ್ಚಿ ಸಮೀಪ ಎಳಕೊಂಡು ದನಿ ಇಳಿಸಿದ. "ಮತ್ತ ಸಾಹೇಬ್ರ, ನಮ್ಮ ಹೊಲದ ಬಾಂದಗಲ್ಲು ಮಗ್ಗಲಿನಾವರ ಹೊಲದೊಳಗ ಎರಡು ಮೊಳ ಸರದೈತಿ. ತಾನs ಸರದೈತಿ. ಅಷ್ಟು ದೊಡ್ಡ ಮನಶಾನ್ನ ಮುಚ್ಚಿಟ್ಟಾವ್ರಿಗೆ ಇಷ್ಟು ಸಣ್ಣ ಕಲ್ಲು ಮುಚ್ಚಿಡಾಕ ಆಗೂದಿಲ್ಲೇನ್ರಿ?"

ಮೊದಲ ಪುಟ

ರಾಣೇಬೆನ್ನೂರಿನಿಂದ ಒಬ್ಬ ನಿವೃತ್ತ ಟೀಚರಮ್ಮ ಫೋನ್ ಮಾಡಿದ್ರು. ಅವರ ಓಣ್ಯಾಗ ನನ್ನ ಪುಸ್ತಕದ ಒಂದs ಪ್ರತಿ ಏಳು ಮನಿ ಅಡ್ಡಾಡಿತ್ತಂತ. ಏಳು ಮನಿಯೊಳಗ ಒಬ್ಬರೂ ಕೊಂಡಿಲ್ಲ ಅನ್ನೂದನ್ನ ಅವ್ರು ಹೆಮ್ಮಿಯಿಂದ ಹೇಳಿದ್ರು.

"ನನ್ನ ಕೈಗೆ ಬರೂದ್ರಾಗ ಯಾರೋ ಪುಣ್ಯಾತ್ಗಿತ್ತಿ ಮೊದಲ ಪುಟದಾಗ ಪೆನ್ಸಿಲಿನಿಂದ 'ಪ್ಯೂನ್ ಕೊಂದಾನ' ಅಂತ ಬರದಿದ್ಳುರಿ" ಅಂದ್ರು.

ನನಗ ಕಣ್ಣೀರು ಬರೂದೊಂದ ಬಾಕಿ. "ಹಂಗಾರ ನಿಮಗ ಓದೂ ಮಜಾ ಹೋತು ಬಿಡ್ರಿ."

"ಎಲ್ಲಿ ಹೋತ್ರಿ? ನಮ್ಮ ಓಣಿ ಹೆಣ್ಮಕ್ಕಳು ಖರೇ ಹೇಳಿದ್ದು ನಾನು ಇವತ್ತಿನ ಮಟ ಕೇಳಿಲ್ಲ. ಅದಕ್ಕ ಪ್ಯೂನ್ ಒಬ್ಬನ್ನ ಬಿಟ್ಟು ಉಳದಾವ್ರ ಮ್ಯಾಲೆಲ್ಲಾ ಸಂಶೆ ಪಟ್ಕೊಂತ ಓದಿದೆ. ಕಡೀಕ ನೋಡಿದ್ರ ಖರೇನ ಅವನs ಆಗಿದ್ದ. ಅಷ್ಟು ಆಶ್ಚರ್ಯ ನನಗ ಜೀವನದಾಗ ಆಗಿಲ್ಲರಿ."

ನಾನು ಹೇಳುವುದಿಲ್ಲ

ಹಾವೇರಿಯೊಳಗ ಗೆಳ್ಯಾರು ಕೂಡಿ ಪುಸ್ತಕದ ಮ್ಯಾಲೆ ಒಂದು ಸಭಾ ಇಟ್ಟರು. ಮಾತಾಡಾಕ ಒಬ್ಬ ಹಿರಿಯ ಹೆಡ್‌ಮಾಸ್ತರು. ಕಾಕಾಗ ನಾನು ಕರದಿರಲಿಲ್ಲ, ಆದ್ರ ನಮ್ಮ ವಕೀಲ್ರು ಯಾರೋ ಹೇಳಿ, ಇಸ್ತ್ರಿ ಮಾಡಿದ ಬಿಳೇ ಅಂಗಿ ಹಾಕ್ಕೊಂಡು ಬಂದು ಮೂರನೇ ಸಾಲಿನಾಗ ಕುಂತಿದ್ರು. ನಾನು ಲಗೂನ ಎದ್ದು ಹೋದೆ. ಹೆಡ್‌ಮಾಸ್ತರ ಕಿವ್ಯಾಗ ಹೇಳಿದೆ, "ಸರ್, ದಯಮಾಡಿ ಕೊಲೆಗಾರ ಯಾರಂತ ಹೇಳಬ್ಯಾಡ್ರಿ."

"ಛೆ ಛೆ, ನನಗ ಅಷ್ಟು ತಿಳಿಯೂದಿಲ್ಲೇನು?" ಅಂದ್ರು. ಎದ್ದು ಹೋಗಿ ಮೈಕ್ ಹಿಡಿದು, ಗಂಟಲು ಸರಿಮಾಡ್ಕೊಂಡು ಶುದ್ಧ ಪುಸ್ತಕದ ಭಾಷಾದಾಗ ಶುರು ಮಾಡಿದ್ರು: "ಮಹನೀಯರೇ, ಇದು ಕುತೂಹಲ ಕೆರಳಿಸುವ ಕೃತಿ. ಓದುಗರ ಆ ಕುತೂಹಲಕ್ಕೆ ಭಂಗ ತರುವುದು ಮಹಾಪಾಪ. ಆದ್ದರಿಂದ ಕೊಲೆ ಮಾಡಿದವನು ಕೋರ್ಟಿನ ಪ್ಯೂನ್ ಎಂಬುದನ್ನು ನಾನು ಯಾವ ಕಾರಣಕ್ಕೂ ಹೇಳುವುದಿಲ್ಲ."

ಜನ ಚಪ್ಪಾಳಿ ಹೊಡದ್ರು. ಕಾಕಾ ಹೊಡೀಲಿಲ್ಲ. ಸಭಾ ಮುಗದ ಮ್ಯಾಲ ಸೀದಾ ನನ್ನ ಕಡೆ ಬಂದು, "ವಕೀಲ್ರ, ನನಗೂ ಒಂದು ಪ್ರತಿ ಕೊಡ್ರಿ. ಓದಿ ಹೇಳತೇನಿ" ಅಂದ್ರು. ಕೊಟ್ಟೆ. ಕೊಡದ ಏನ್ ಮಾಡ್ಲಿ?

ಯಾರನ್ನ ಕೊಲೆಗಾರ ಮಾಡೂದು

ಎಂಟು ದಿನ ಕಾಕಾನ ದನಿ ಸರಿ ಇತ್ತು. ಒಂಬತ್ತನೇ ದಿನ ಬಿತ್ತು. ಉಳಿದ ವಕೀಲ್ರ ಕೇಸಿಗೆ ಕಾಂಪೌಂಡ್ ನಡಗೂವಂಗ ಕೂಗತಿದ್ರು. ನನ್ನ ಕೇಸು ಬಂತಂದ್ರ ದೇವರ ಮನ್ಯಾಗ ಜಪಾ ಮಾಡಿದಂಗ. ಬಾಂದಗಲ್ಲಿನ ಪಕ್ಷಗಾರ ಚಾದಂಗಡ್ಯಾಗ ಮಂಡಕ್ಕಿ ತಿನಕೊಂತ ಕುಂತಿದ್ದ, ಕೇಳಿಸಲಿಲ್ಲ. ನಾನು ಓಡಿ ಹೋಗಿ ಎಳಕೊಂಡು ಬರೂದ್ರಾಗ ಬ್ಯಾರೇ ತಾರೀಖು ಆಗಿತ್ತು. ಸಭಾದಾಗ ಕೇಳಿದ್ದು ಕಾಕಾನ ಎದಿಗೆ ಇಳಿಯಾಕ ಎಂಟು ದಿನ ಹಿಡದೈತಿ ಅನ್ಕೊಂಡೆ. ಅಜ್ಜಿ ತಾರೀಖು ಬರೂ ಸೋಮವಾರ. ನನಗ ಖರೇನ ಅಂಜಿಕಿ ಆತು.

ಮನಿಗೆ ಬಂದು ಹೆಂಡ್ತಿ ಮುಂದ ಹೇಳ್ಕೊಂಡೆ.

"ಅದಕ್ಯಾಕ ಇಷ್ಟು ಸಂಕಟ? ಮುಂದಿನ ಸಲ ಅಚ್ಚು ಹಾಕಸೂ ಮುಂದ ಕೊಲೆಗಾರನ್ನ ಬದಲ ಮಾಡ್ರಿ" ಅಂದ್ಳು.

"ಯಾರನ್ನ ಮಾಡ್ಲಿ?"

"ಕೋರ್ಟಿನ ಗುಮಾಸ್ತನ್ನ ಮಾಡ್ರಿ."

"ನನ್ನ ಫೈಲ್ ಒಂದೂ ಮ್ಯಾಲ ಬರೂದಿಲ್ಲ."

"ಪೊಲೀಸನ್ನ?"

"ನನ್ನ ಗಾಡಿ ಲೈಸೆನ್ಸ್ ಮುಗದೈತಿ."

"ಜಡ್ಜ್ ಸಾಹೇಬ್ರನ್ನ?"

ನಾನು ಅಕಿ ಮಾರಿ ನೋಡಿದೆ. ಅಕಿ ಎರಡು ರೊಟ್ಟಿ ಬಡದ್ಳು. ಮೂರನೇ ರೊಟ್ಟಿಗೆ ಹೊಳೀತು. "ಮತ್ತ ವಕೀಲನ್ನ ಮಾಡ್ರಿ. ನಿಮ್ಮ ಮ್ಯಾಲ ನೀವs ಏನು ಸಿಟ್ಟಾಗೂದಿಲ್ಲಲ್ಲ."

ಹೌದಲ್ಲ ಅನಿಸಿತು ನನಗೂ. ಅಷ್ಟ್ರಾಗ ಅಕಿನs ತಲಿ ಅಲ್ಲಾಡಿಸಿದ್ಳು. "ಬ್ಯಾಡ ಬಿಡ್ರಿ. ವಕೀಲ ಅಂದ್ರ ಯಾರಿಗೂ ಆಶ್ಚರ್ಯ ಆಗೂದಿಲ್ಲ."

ಇನ್ನೂರಾ ಮೂರನೇ ಪುಟ

ಸೋಮವಾರ ಬಂತು. ಅಜ್ಜಿ ಈ ಸಲ ಮೊದಲನೇ ಬಸ್ಸಿಗೆ ಬಂದಿದ್ಳು. ಬೇವಿನ ಗಿಡದ ಕೆಳಗ ಹೋಗಾಕ ಬಿಡದ, ಕೋರ್ಟಿನ ಬಾಗಿಲಿಗೆ ಹತ್ತಿದ ಬೆಂಚಿನ ಮ್ಯಾಲ ಕುಂದ್ರಿಸಿದೆ. ಆದ್ರೂ ಜೀವಕ್ಕ ಸಮಾಧಾನ ಇಲ್ಲ. ನಾನು ಒಳಗ ಜಡ್ಜ್ ಮುಂದ ನಿಂತಿರಬೇಕು, ಬಾಗಿಲಾಗ ಕಾಕಾ ಜಪಾ ಮಾಡಿದ್ರ ಅಜ್ಜಿಗೆ ಮಗ್ಗಲಾಗಿದ್ರೂ ಕೇಳೂದಿಲ್ಲ. ದಾಯಾದಿಗಳು ಎದುರಿಗೆ ನಿಂತು ನಗಾಕತ್ತಿದ್ರು.

ಕೋರ್ಟು ಶುರುವಾಗಾಕ ಅರ್ಧಾ ತಾಸು ಇತ್ತು. ಕಾಕಾ ಬಂದ್ರು. ಕೈಯಾಗ ನನ್ನ ಪುಸ್ತಕ. ಅದಕ್ಕ ಪೇಪರಿನ ಹೊದಿಕಿ ಹಾಕಿದ್ರು. ನನ್ನ ಪುಸ್ತಕಕ್ಕ ಅಷ್ಟು ಮರ್ಯಾದಿ ನಾನೂ ಕೊಟ್ಟಿಲ್ಲ.

"ಓದಿದೆ" ಅಂದ್ರು.

ನಾನು ಕೈ ಮುಗದೆ. "ಕಾಕಾ, ತಪ್ಪಾತ್ರಿ. ಆ ಕೊಲಿ ಮಾಡಿದಂವ ನೀವಲ್ಲ. ನಿಮ್ಮನ್ನ ಮನಸಿನಾಗ ಇಟ್ಕೊಂಡು ಬರದಿಲ್ಲ. ಅಜ್ಜಿ ಹನ್ನೊಂದು ವರ್ಷದಿಂದ ತಿರಗಾಕತ್ತಾಳ. ನನ್ನ ಮ್ಯಾಲಿನ ಸಿಟ್ಟು ಅಕಿ ಹೊಲದ ಮ್ಯಾಲ ತೀರಿಸ್ಕೋಬ್ಯಾಡ್ರಿ."

"ಕೊಲಿದು ಬಿಡ್ರಿ ವಕೀಲ್ರ. ಪುಸ್ತಕ ಅಂದಮ್ಯಾಲ ಯಾರರೆ ಒಬ್ರು ಮಾಡಬೇಕಲ್ಲ. ನಮ್ಮ ಇಲಾಖಿ ಮನಶಾ ಮಾಡಿದ, ಅದರಾಗೇನೈತಿ. ಅದು ಅವನ ಸ್ವಂತ ವಿಚಾರ."

ನಾನು ಮುಗದ ಕೈ ಇಳಿಸಿದೆ. "ಮತ್ತ ಸಿಟ್ಟು ಯಾಕ್ರಿ?"

ಕಾಕಾ ಚಸ್ಮಾ ಹಾಕ್ಕೊಂಡು ಪುಸ್ತಕ ತಗದ್ರು. ಗುರ್ತಿಗೆ ಬಸ್ಸಿನ ಟಿಕೀಟು ಇಟ್ಟಿದ್ರು. ಬೆರಳಿಟ್ಟು ಓದಿದ್ರು: "'ಪ್ಯೂನ್ ಬಾಗಿಲಿಗೆ ಬಂದು ಸಾಕ್ಷಿಯ ಹೆಸರನ್ನು ಎರಡು ಸಲ ಕೂಗಿ ಒಳಗೆ ಹೋದ.' ಇನ್ನೂರಾ ಮೂರನೇ ಪುಟ. ಎರಡು ಸಲ."

"ಹೌದ್ರಿ..."

"ಎರಡು ಸಲ ಯಾವ ಕೋರ್ಟಿನಾಗ ಕೂಗತಾರ? ಮೂವತ್ತೊಂದು ವರ್ಷ ಆತು ನಾನು ಕೂಗಾಕ ಹತ್ತಿ. ಜ್ವರ ಇದ್ದಾಗ ಕೂಗೇನಿ, ಗಂಟಲು ಕಟ್ಟಿದಾಗ ಕೂಗೇನಿ. ಯಾವತ್ತೂ ಮೂರು. ನಿಮ್ಮ ಮ್ಯಾಲ ಇಷ್ಟು ಸಿಟ್ಟಿದ್ರೂ ದನಿ ಇಳಿಸಿದೆ, ಮೂರು ತಪ್ಪಿಸಿಲ್ಲ. ಕೊಲಿ ಮಾಡಂವ ಮಾಡ್ಲಿ, ಡ್ಯೂಟಿ ಬರೊಬ್ಬರಿ ಮಾಡಬೇಕೋ ಬ್ಯಾಡೋ? ಇದನ್ನ ನಾಳೆ ನನ್ನ ಮೊಮ್ಮಕ್ಕಳು ಓದಿದ್ರ ಏನನಬೇಕು?"

ನನಗ ನಗು ಬರಾಕತ್ತಿತ್ತು, ನಗೂವಂಗಿಲ್ಲ. ಮೆಲ್ಲಕ ಹೇಳಿದೆ, "ಕಾಕಾ, ಕಥಿ ನಿಂತಿದ್ದs ಅದರ ಮ್ಯಾಲ. ಆ ಸಾಕ್ಷಿ ಕೊಲಿ ಕಣ್ಣಾರೆ ನೋಡಿದಂವ. ಅದಕ್ಕ ಪ್ಯೂನ್ ಬೇಕಂತನ ಎರಡs ಸಲ ಕೂಗಿದ. ಮೂರನೇ ಸಲ ಕೂಗಿದ್ರ ಸಾಕ್ಷಿ ಬಂದು ಎಲ್ಲಾ ಹೇಳಿಬಿಡತಾನ. ಇನ್ನೂರಾ ಮೂರನೇ ಪುಟಕ್ಕ ನನ್ನ ಕಾದಂಬರಿ ಮುಗದು ಹೋಗತೈತಿ."

ಕಾಕಾ ಚಸ್ಮಾ ಮ್ಯಾಲಿಂದ ನನ್ನ ನೋಡಿದ್ರು. "ಇಪ್ಪತ್ತೆರಡು ವರ್ಷ ವಕೀಲಕಿ ಮಾಡೀರಿ. ಮೂರು ಸಲ ಕೂಗಿದ್ರ ಸಾಕ್ಷಿ ಬರತಾನಂತ ನಿಮಗ ಯಾರ್ ಹೇಳಿದ್ರು?"

ಆಮ್ಯಾಲ ಅವ್ರs ಹಾದಿ ತೋರಿಸಿದ್ರು: "ಮೂರು ಸಲ ಕೂಗಿದ ಅಂತ ಬರೀರಿ. ಸಾಕ್ಷಿ ಮಂಡಕ್ಕಿ ತಿನ್ನಾಕ ಹೋಗಿದ್ದ ಅಂತ ಬರೀರಿ. ಕಥಿ ಎಲ್ಲಿ ಕೆಟ್ಟಿತು?"

ಆರು ತಿಂಗಳು ಕುಂತು ಹೆಣದ ಸಂಚು, ಮಂಡಕ್ಕಿಯಿಂದ ಇನ್ನೂ ಗಟ್ಟಿ ಆತು. ಅಲ್ಲೇ ಪೆನ್ನು ತಗದು ಅವರ ಪ್ರತಿಯಾಗ 'ಎರಡು' ಹೊಡದು 'ಮೂರು' ಅಂತ ತಿದ್ದಿದೆ. ಕಾಕಾ ಪುಸ್ತಕ ಇಸಕೊಳ್ಳಲಿಲ್ಲ. "ತಿದ್ದಿದ ಜಾಗಾದಾಗ ಸಣ್ಣ ಸಹಿ ಬೇಕಲ್ರಿ" ಅಂದ್ರು. ಮಾಡಿದೆ. ಓದಿ ನೋಡಿ, ಬಗಲಾಗ ಇಟ್ಕೊಂಡು ಹೋದ್ರು.

ಹನ್ನೊಂದಕ್ಕ ಕೋರ್ಟು ಶುರುವಾತು. ನಮ್ಮ ಕೇಸು ಮೊದಲನೇದು. ನಾನು ಒಳಗ ಜಡ್ಜ್ ಮುಂದ ಹೋಗಿ ನಿಂತೆ. ಬಾಗಿಲಾಗ ಕಾಕಾ ಎದಿ ಉಬ್ಬಿಸಿದ್ರು. ಅಜ್ಜಿ ಹೆಸರು, ಅಕಿ ಗಂಡನ ಹೆಸರು, ಐರಣಿ ಅನ್ನೂದು ಸೇರಿಸಿ ಒಂದು ಸಲ ಕೂಗಿದ್ರು. ಕಿಡಕಿ ಗಾಜು ಝಲ್ಲಂದುವು. ಗಿಡದ ಕೆಳಗ ಮಲಗಿದಾವ್ರು ಎದ್ದು ಕುಂತ್ರು. ಜಡ್ಜ್ ಸಾಹೇಬ್ರ ಕೈಯಾಗಿನ ಪೆನ್ನು ಜಾರಿತು. ದಾಯಾದಿಗಳ ನಗು ನಿಂತಿತು.

ಅಜ್ಜಿ ಅವರ ಕಾಲಬುಡಕ್ಕ ಇದ್ದಾಕಿ. ಮೊದಲನೇ ಕೂಗಿಗೆ ಬಡಿಗಿ ಊರಿ ಎದ್ದು, "ಇಲ್ಲೇ ಅದೇನಪಾ, ಕೇಳಿಸ್ತು" ಅಂದು ಒಳಗ ಕಾಲಿಡಾಕ ಹೋದ್ಳು.

ಕಾಕಾ ಕೈ ಅಡ್ಡ ಹಿಡದ್ರು. ಅಕಿ ತಲಿ ಮ್ಯಾಲಿಂದ ನನ್ನ ಒಮ್ಮೆ ನೋಡಿ ಅಂದ್ರು:

"ತಡೀಬೇ ಯಮ್ಮಾ. ಇನ್ನೂ ಎರಡು ಅದಾವ."