ಸಾಹೇಬರ ಪ್ಲೀಸು

ಸಾಹೇಬರು ಬೈದಿದ್ದರೆ ಗುಡುಸಾಬ ಹೆದರುತ್ತಿರಲಿಲ್ಲ. ಇಂಡಿ ಊರಿನ ಸರಕಾರಿ ಕಚೇರಿಯಲ್ಲಿ ಆರು ವರ್ಷದಿಂದ ಕಾರಕೂನನಾಗಿದ್ದ ಅವನನ್ನು ಅವರು ಕರೆಯುತ್ತಿದ್ದದ್ದೇ ‘ಏ’ ಎಂದು. ಬೈಗುಳ ಅವನಿಗೆ ರೊಟ್ಟಿಯ ಜೊತೆಗಿನ ಉಪ್ಪಿನಕಾಯಿಯಷ್ಟು ರೂಢಿಯಾಗಿತ್ತು. ಆದರೆ ಆ ದಿನ ಮುಂಜಾನೆ ಕಚೇರಿಯ ಸಿಪಾಯಿ ದಾವಲಮಲಿಕ ತಂದುಕೊಟ್ಟ ಸಾಹೇಬರ ಇಂಗ್ಲಿಷ್ ಚೀಟಿಯಲ್ಲಿ, ಸಂಜೆ ಐದಕ್ಕೆ ನನ್ನನ್ನು ಕಾಣಬೇಕು ಎಂಬ ಮಾತಿನ ಮೊದಲು ಒಂದು ಶಬ್ದ ಹೆಚ್ಚಿಗೆ ಕೂತಿತ್ತು: ಪ್ಲೀಸ್.

ಗುಡುಸಾಬ ಮೂರು ಸಲ ಓದಿದ.

“ಶ್ರೀಶೈಲಪ್ಪನವರ, ಪ್ಲೀಸ್ ಅಂದ್ರ ಏನ್ರಿ?” ಎಂದು ಪಕ್ಕದ ಮೇಜಿನ ಹಿರಿಯ ಕಾರಕೂನರನ್ನು ಕೇಳಿದ. ಅರ್ಥ ಅವನಿಗೂ ಗೊತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಧೈರ್ಯ ಬಂದೀತೆಂಬ ಆಸೆ.

“ಪುಸ್ತಕದಾಗ ದಯವಿಟ್ಟು ಅಂತ ಐತಿ,” ಎಂದರು ಶ್ರೀಶೈಲಪ್ಪ, ಮೂಗಿನ ಮೇಲಿನ ಚಾಳೀಸು ಏರಿಸಿಕೊಂಡು. “ಕಚೇರ್ಯಾಗ ಹಂಗಲ್ಲ. ಕೆಳಗಿನಾಂವ ಮ್ಯಾಲಿನವರಿಗೆ ಬರದ್ರ ಅದು ಮರ್ಯಾದಿ. ಮ್ಯಾಲಿನವರು ಕೆಳಗಿನಾಂವಗ ಬರದ್ರ... ನಾ ಸಿಂದಗಿಯೊಳಗ ಇದ್ದಾಗ ಒಬ್ಬಾಂವಗ ಹಿಂಗ ಬಂದಿತ್ತು ನೋಡಪಾ. ಎಂಟ ದಿನದಾಗ ಹಾಜರಿ ಪುಸ್ತಕದಾಗಿಂದ ಹೆಸರ ಹೋತು.”

“ಬಕ್ರೀದಿನ ಮುಂಜಾನಿ ಕುರಿಗೂ ಹೂವಿನ ಹಾರ ಹಾಕ್ತೇವಲ್ರಿ,” ಎಂದು ದಾವಲಮಲಿಕ ತನ್ನ ಪಾಲಿನ ಸಮಾಧಾನ ಹೇಳಿದ.

ಕಚೇರಿಗೆ ನೀರು ತುಂಬುವ ಕಸ್ತೂರೆವ್ವನಿಗೂ ಸುದ್ದಿ ಮುಟ್ಟಿತು. “ಮಕ್ಕಳು ಎಷ್ಟ್ರಿ ನಿಮಗ?” ಎಂದಳು. ಮೂರು ಎಂದ. “ಅಯ್ಯ ಶಿವನ!” ಎನ್ನುತ್ತ ಅವನೊಬ್ಬನಿಗೇ ಎರಡು ತಂಬಿಗೆ ನೀರಿಟ್ಟು ಹೋದಳು.

ಮಧ್ಯಾಹ್ನ ಹೆಂಡತಿ ಜೋಹರಾಬಿ ಕಟ್ಟಿಕೊಟ್ಟ ಬುತ್ತಿಯನ್ನು ಅವನು ಬಿಚ್ಚಲೇ ಇಲ್ಲ. ನೌಕರಿ ಹೋದರೆ ನಾಲ್ಕು ಹೊಟ್ಟೆಗೆ ಏನು ಹೇಳಲಿ? ಅವನ ಮನಸ್ಸಿನಲ್ಲಿ ಕಳ್ಳನಿದ್ದ. ಎರಡು ವರ್ಷದಿಂದ ಗುಡುಸಾಬ ಊಟವಾದ ಮೇಲೆ ಕೋಟನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಹಿಂದಿನ ಓಣಿಯಿಂದ ಮನೆಗೆ ಹೋಗಿ ಒಂದೂವರೆ ತಾಸು ನಿದ್ದೆ ಹೊಡೆದು ಬರುತ್ತಿದ್ದ. ಕೋಟು ಕಂಡವರು, ಮನುಷ್ಯ ಇಲ್ಲೇ ಎಲ್ಲೋ ಎದ್ದು ಹೋಗಿದ್ದಾನೆ ಎಂದುಕೊಳ್ಳುತ್ತಿದ್ದರು. ಸಾಹೇಬರಿಗೆ ಅದು ತಿಳಿದುಹೋಗಿದೆ, ಸಂಶಯವೇ ಇಲ್ಲ!

ಅವನು ಶ್ರೀಶೈಲಪ್ಪನವರಿಗೆ ಎಲ್ಲವನ್ನೂ ಹೇಳಿದ. ಅವರು ಗಂಭೀರವಾಗಿ ತಲೆಯಾಡಿಸಿದರು. “ತಾನಾಗೇ ಒಪ್ಪಿಕೊಂಡ್ರ ಶಿಕ್ಷಾ ಕಡಿಮಿ. ಅವರು ಬಾಯಿ ತಗಿಯೂದ್ರಾಗ ನೀ ಕಾಲ ಹಿಡಿ.”

ಐದು ಹೊಡೆಯಿತು. ಗುಡುಸಾಬ ಒಳಗೆ ಕಾಲಿಟ್ಟಾಗ ಸಾಹೇಬರು ತಲೆಯೆತ್ತಿ ನಕ್ಕರು. ಆರು ವರ್ಷದಲ್ಲಿ ಅವನು ಅವರ ಹಲ್ಲು ಕಂಡಿದ್ದು ಅದೇ ಮೊದಲು.

“ಬರ್ರಿ ಗುಡುಸಾಬ. ಪ್ಲೀಸ್, ಕೂಡ್ರಿ.”

ಎರಡನೆಯ ಪ್ಲೀಸು! ಗುಡುಸಾಬ ಧೊಪ್ಪೆಂದು ಅವರ ಕಾಲಿಗೆ ಬಿದ್ದ. “ತಪ್ಪಾತ್ರಿ ಸಾಹೇಬ್ರ! ಕುರ್ಚಿ ಮ್ಯಾಲ ಬರೇ ಕೋಟ ಇರತಿತ್ರಿ. ನಾ ಮನ್ಯಾಗ ಮಲಗಿರತಿದ್ನಿರಿ. ದಿನಾ ಒಂದೂವರಿ ತಾಸ್ರಿ! ನೌಕರಿ ಒಂದ ತಗೀಬ್ಯಾಡ್ರಿ, ಮೂರು ಮಕ್ಕಳದಾವ!”

ಸಾಹೇಬರ ನಗೆ ಮೆಲ್ಲಗೆ ಆರಿತು. ಮೇಜಿನ ಮೇಲಿದ್ದ ಹಾಳೆಯೊಂದನ್ನು ಎತ್ತಿ ಹಿಡಿದರು.

“ಹೆಡ್ ಕ್ಲಾರ್ಕಿನ ಜಾಗಾ ಖಾಲಿ ಆಗೂದೈತಿ. ಯಾವಾಗ ನೋಡಿದ್ರೂ ನಿನ್ನ ಕುರ್ಚಿ ಮ್ಯಾಲ ಕೋಟ ಕಾಣತಿತ್ತು. ಈ ಕಚೇರ್ಯಾಗ ದುಡಿಯಾಂವ ಇವನೊಬ್ಬನ ಅಂತ ತಿಳದು ಆ ಜಾಗಾಕ್ಕ ಇದರಾಗ ನಿನ್ನ ಹೆಸರು ಬರದಿದ್ದೆ. ಹೆಡ್ ಕ್ಲಾರ್ಕಗ ‘ಏ’ ಅನ್ನಾಕ ಬರೂದಿಲ್ಲ, ಇವತ್ತಿಂದನ ರೂಢಿ ಮಾಡಿಕೊಳ್ಳೂಣು ಅಂತ ಪ್ಲೀಸ್ ಹಚ್ಚಿದ್ದೆ.”

ಹಾಳೆ ಚರ್ರನೆ ಎರಡಾಯಿತು.

“ಏ! ನಾಳೆ ಹನ್ನೊಂದರೊಳಗ, ಹಿಂಗ್ಯಾಕ ಮಾಡಿದಿ ಅಂತ ಖುಲಾಸೆ ಬರಕೊಂಡ ಬಾ! ನಡಿ ಹೊರಗ!”

ಆ ಕೊನೆಯ ಕೂಗು ಪಡಸಾಲೆಯವರೆಗೆ ಕೇಳಿಸಿತು. ಹೊರಬಂದ ಗುಡುಸಾಬನನ್ನು ಶ್ರೀಶೈಲಪ್ಪ ಓಡಿಬಂದು ತಬ್ಬಿಕೊಂಡರು.

“‘ಏ’ ಅಂದ್ರಲ್ಲೋ! ನಾವೆಲ್ಲಾ ಕೇಳಿದ್ವಿ. ಉಳಕೊಂಡಿ ಬಿಡು!”

ದಾವಲಮಲಿಕ ಆಗಲೇ ಗುಡುಸಾಬನ ಲೆಕ್ಕದಲ್ಲಿ ನಾಲ್ಕು ಚಹಾ ಹೇಳಿ ಬಂದಿದ್ದ.