ಹೊಲಸು ನೀರು ಸಿಗದ ಓಣಿ

ಖುರ್ಷಿದಬೇಗಂ ಜಾಡಿ ತೊಳೆದದ್ದು ಪ್ರೀತಿಯಿಂದಲೇ.

ಅದರಲ್ಲಿ ಪ್ರಾಣೇಶ ಮಾಸ್ತರ ಜೋಳದ ಒಣದಂಟಿನ ಕಣಿಕೆ ಹಾಕಿ ವಾರದಿಂದ ಕೊಳೆಸಿಟ್ಟ ನೀರಿತ್ತು. ಕಣ್ಣಿಗೆ ಕಾಣದ ಜೀವಿಗಳನ್ನು ಅವನು ಅದರಲ್ಲಿ ಹಸುಗೂಸಿನಂತೆ ಸಾಕಿದ್ದ. ಮಧ್ಯಾಹ್ನ ಸೇಡಂ ಶಾಲೆಗೆ ತಪಾಸಣೆಯ ಸಾಹೇಬರು ಬರುವವರು. ಸೂಕ್ಷ್ಮದರ್ಶಕದ ಪಾಠ ಮೆಚ್ಚಿದರೆ ವಾಡಿಗೆ ವರ್ಗ ಕೇಳಿದ ಅರ್ಜಿಗೆ ಸಹಿ ಬೀಳುತ್ತದೆ ಎಂಬುದು ಅವನ ಆಸೆ. ವಾಡಿಯಲ್ಲಿ ಶಿಕ್ಷಕಿಯಾಗಿದ್ದ ಹೆಂಡತಿ ಲೀಲಾಬಾಯಿ ಈಗ ತುಂಬು ಬಸುರಿ, ಒಬ್ಬಳೇ.

"ಎಷ್ಟ ನಾತ ಹೊಡಿಲಿಕತ್ತಿತ್ತು ಬೇಟಾ! ಹೆಂಡ್ತಿ ಊರಾಗಿಲ್ಲಂತ ಇಂಥಾ ನೀರ ಕುಡೀತೀಯೇನು?" ಎಂದು ಮನೆಯ ಮಾಲಕಿ ಫಳಫಳಿಸುವ ಜಾಡಿ ಎತ್ತಿ ತೋರಿಸಿದಳು.

ಪ್ರಾಣೇಶನ ಮುಖ ಹಿಂಡಿದ ಅರಿವೆಯಂತಾಯಿತು. "ಖಾಲಾ, ಆ ನೀರು ಸಾಹೇಬ್ರಿಗೆ ತೋರಸೂದಿತ್ತು."

"ತೋಬಾ ತೋಬಾ! ನೀ ಅಂಜಬ್ಯಾಡ. ಓಣ್ಯಾಗ ಕೇಳ್ತೀನಿ ತಡಿ."

ಕೆಲಸ ಕೆಟ್ಟದ್ದೇ ಅಲ್ಲಿ. ಯಾರ ಮನೆಯಲ್ಲಿ ಹೊಲಸು ನೀರಿದೆಯೆಂದು ನೋಡಲು ಸಾಹೇಬರು ಬರುತ್ತಾರಂತೆ ಎಂಬ ಸುದ್ದಿ ಓಣಿಯ ತುಂಬ ಹಬ್ಬಿತು. ಪ್ರಾಣೇಶ ಹೋಗುವಷ್ಟರಲ್ಲಿ ಎದುರುಮನೆಯ ಹಣಮವ್ವ ಬಚ್ಚಲ ಕಲ್ಲು ತಿಕ್ಕಿ ಮುಗಿಸಿದ್ದಳು.

"ಹಣಮವ್ವ, ಸ್ವಲ್ಪ ಕೊಳತ ನೀರು..."

"ಯಾವ ಬಾಯಿಲೆ ಕೇಳ್ತೀರಿ ಮಾಸ್ತರ? ನಮ್ಮ ಮನ್ಯಾಗ ಹೊಲಸ ಎಲ್ಲದ? ಬೇಕಾದ್ರ ಹೀರಾಬಾಯಿ ಮನ್ಯಾಗ ನೋಡ್ರಿ!"

"ಏನಂದಿ?" ಎಂದು ಗೋಡೆಯಾಚೆಯಿಂದ ಹೀರಾಬಾಯಿ ಎದ್ದಳು. ಆ ಜಗಳದ ನಡುವಿನಿಂದ ಮಾಸ್ತರ ತಲೆ ತಗ್ಗಿಸಿ ಪಾರಾದ.

ಉಳಿದದ್ದು ಬಾಬುಮಿಯಾನ ಎಮ್ಮೆ ನೀರು ಕುಡಿಯುವ ಕಲ್ಲಬಾನಿ. ಅದರ ಪಾಚಿಗೆ ಅವನ ವಯಸ್ಸಿನಷ್ಟೇ ವಯಸ್ಸು. ಹೋಗಿ ನೋಡಿದರೆ ಬಾಬುಮಿಯಾ ಬಾನಿ ತಿಕ್ಕಿದ ಬೂದಿಗೈಯಲ್ಲಿ ಬೆವರುತ್ತ ನಿಂತಿದ್ದ.

"ಬರ್ರಿ ಮಾಸ್ತರ! ಸಾಹೇಬ್ರಿಗೆ ಹೇಳ್ರಿ, ನಮ್ಮ ಎಮ್ಮಿ ಬಾವಿ ನೀರ ಬಿಟ್ಟು ಬ್ಯಾರೆ ಕುಡ್ಯಾಂಗಿಲ್ಲ."

ಎಮ್ಮೆ ತಿಳಿನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ, ಬೀಗರ ಮನೆಗೆ ಬಂದಂತೆ ಸಂಕೋಚದಿಂದ ನಿಂತಿತ್ತು.

ಬರಿಗೈಯಲ್ಲಿ ಶಾಲೆ ಮುಟ್ಟಿದಾಗ ಸಾಹೇಬರು ಆಗಲೇ ಹೆಡ್‌ಮಾಸ್ತರ ಶೌಕತ ಅಲಿಯವರ ಕೋಣೆಯಲ್ಲಿ ಕೂತಿದ್ದರು. ಅವರ ಮುಂದೆ ಹೂದಾನಿ. ಯಾವುದೋ ಸಮಾರಂಭದ ಚೆಂಡುಹೂಗಳು ಅದರಲ್ಲಿ ಕೊಳೆತು ಲೋಳೆಯಾಗಿದ್ದವು. ಪ್ರಾಣೇಶನ ಎದೆ ಕುಣಿಯಿತು. ನಮಸ್ಕಾರ ಹೇಳುತ್ತಲೇ ಗಾಜಿನ ಕೊಳವೆ ಇಳಿಬಿಟ್ಟು ನೀರು ಹೀರಿಕೊಂಡ. ಶೌಕತ ಅಲಿ ಕಣ್ಣು ಹಿರಿದು ಮಾಡಿ, ಬೇಡ ಬೇಡವೆಂದು ತಲೆಯಾಡಿಸಿದರು. ಪಾಪ, ಹೂದಾನಿಯ ಮೇಲೆ ಇಷ್ಟು ಜೀವವೇ ಎಂದುಕೊಂಡ ಪ್ರಾಣೇಶ.

ತರಗತಿಯಲ್ಲಿ ಮೊದಲು ಮೆಹತಾಬ್ ಎಂಬ ಹುಡುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಸರ್, ಓಡ್ಯಾಡ್ಲಿಕತ್ತಾವ್ರೀ! ಚಪ್ಪಲಿ ಅಂಗಾಲಿನಂಗ ಅದಾವ!"

"ಅದ ಪ್ಯಾರಮೀಸಿಯಂ. ಹೂವು ಕೊಳೀತದ, ಅದನ್ನ ಬ್ಯಾಕ್ಟೀರಿಯಾ ತಿಂತಾವ, ಬ್ಯಾಕ್ಟೀರಿಯಾನ ಇದು ತಿಂತದ. ಈ ಒಂದು ಹನಿಯೊಳಗೂ ಯಾವ ಜೀವನೂ ಒಂಟಿ ಬದುಕಾಂಗಿಲ್ಲ..."

ಅವನ ಕಣ್ಣು ಹೊರಗೆ ಹೋಯಿತು. ಕಿಟಕಿಯಾಚೆ ವಾಡಿಯ ದಿಕ್ಕಿತ್ತು.

ಸಾಹೇಬರು ಬಹಳ ಹೊತ್ತು ಬಗ್ಗಿ ನೋಡಿದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಮಾಸ್ತರನ ಕೈ ಹಿಡಿದು ಕುಲುಕಿ, ಅರ್ಜಿಯ ಮೇಲೆ ಎರಡು ಸಾಲು ಬರೆದು ಜೀಪು ಹತ್ತಿದರು.

ಪ್ರಾಣೇಶ ಓದಿದ: "ಇಂಥ ಅಪರೂಪದ ಶಿಕ್ಷಕರನ್ನು ಈ ಶಾಲೆಯಿಂದ ಕದಲಿಸತಕ್ಕದ್ದಲ್ಲ. ಅರ್ಜಿ ತಿರಸ್ಕರಿಸಿದೆ."

ಶೌಕತ ಅಲಿ ಕುರ್ಚಿಯಲ್ಲಿ ಕುಸಿದರು. "ಮುಂಜಾನಿಂದ ನಿಮಗ ಹೇಳಾಕಂತ ಹುಡುಕ್ಲಿಕತ್ತೀನಿ, ಕೈಗೇ ಸಿಗಲಿಲ್ಲ ನೀವು. ಈ ಮನುಷ್ಯಾಗ ಕಲಸಾಕ ಬರಾಂಗಿಲ್ರಿ, ನಮಗ ಬ್ಯಾಡ, ವಾಡಿಗೆ ಒಯ್ದು ಹಾಕ್ರಿ ಅಂತ ಸಾಹೇಬ್ರಿಗೆ ಹೇಳೀನಿ, ಕಾಲು ಹಿಡಿಯೂದೊಂದು ಬಾಕಿ ಇತ್ತು. ಪಾಠ ನೋಡಿ, ಖರೇನ ಕೆಟ್ಟಿದ್ರ ಸಹಿ ಮಾಡ್ತೀನಿ ಅಂದಿದ್ರು."

ಪ್ರಾಣೇಶ ಅರ್ಜಿ ಮಡಚಿ ಕಿಸೆಯಲ್ಲಿಟ್ಟ. ಹೆಡ್‌ಮಾಸ್ತರ ಎದ್ದು ಅವನ ಭುಜದ ಮೇಲೆ ಕೈಯಿಟ್ಟರು.

"ಒಂದ ತಾಸು ಕೆಟ್ಟ ಪಾಠ ಮಾಡಾಕ ಬರಲಿಲ್ಲೇನ್ರಿ ನಿಮಗ?"